ನಿನ್ನ ಗುರುಗಳು ನಮ್ಮ ಶಿಪ್‌ಯಾರ್ಡಿಗೆ ಬಂದರು

ಭಾನುವಾರ, ಮಧ್ಯಾಹ್ನ

ನನ್ನ ಗುಬ್ಬಿಗೆ,

ಇಲ್ಲಿ ಎಲ್ಲರೂ ಕ್ಷೇಮ. ಮಗಳ ನೆಗಡಿ ವಾಸಿಯಾಗಿದೆ. ಅಡುಗೆ ನಾನೇ ಮಾಡುತ್ತಿದ್ದೇನೆ. ಪಾಪ, ಬಾಯಿ ಮುಚ್ಚಿಕೊಂಡು ತಿನ್ನುತ್ತಾಳೆ.

ಅಲ್ಲಿ ನಿನಗೆ ಪಾಠ ಹೇಳಿದವರು ಈಗ ನಮ್ಮ ಶಿಪ್‌ಯಾರ್ಡಿಗೆ ಬಂದಿದ್ದಾರೆ. ಹಡಗು ಕಟ್ಟುವ ಹೊಸ ವಿಧಾನ ಕಲಿಯಲು ನೀನು ಅವರ ದೇಶಕ್ಕೆ, ಕಲಿಸಲು ಅವರು ಇಲ್ಲಿಗೆ. ಈ ಒಪ್ಪಂದ ಮಾಡಿಕೊಂಡವರು ನನ್ನನ್ನೊಂದು ಮಾತು ಕೇಳಬೇಕಿತ್ತು. ನೀನು ಗುರುಗಳು, ಗುರುಗಳು ಎಂದು ಬರೆಯುವಾಗ ನಾನು ಯಾರೋ ಮುದುಕರೆಂದುಕೊಂಡಿದ್ದೆ. ತಲೆಯಲ್ಲಿ ಒಂದೂ ಬಿಳಿಕೂದಲಿಲ್ಲ!

ಅವರಿಗೆ ಕನ್ನಡ ಬೇರೆ ಕಲಿಸಿದ್ದೀಯ. ನಾನು ಕ್ರೇನಿನವನ ಮೇಲೆ ರೇಗುತ್ತಿದ್ದಾಗ ಪಕ್ಕಕ್ಕೆ ಬಂದು, "ಸ್ವಲ್ಪ ತಡೀರಿ, ಏನವಸರ?" ಎಂದರು. ಥೇಟ್ ನಿನ್ನದೇ ರಾಗ. ಮೈಯೆಲ್ಲ ಉರಿದುಹೋಯಿತು.

ಅಂದಿನಿಂದ ಅವರು ಹೇಳಿದ್ದಕ್ಕೆಲ್ಲ ಅಡ್ಡ ಮಾತಾಡಿದೆ. ನಾವು ಹಡಗಿನ ಒಡಲು ಕಟ್ಟಿ ಮುಗಿಸಿ, ಆಮೇಲೆ ಕತ್ತಲಲ್ಲಿ ನುಸುಳಿ ಪೈಪು ಕೂರಿಸುವವರು. ಅವರೋ, ಒಡಲನ್ನು ತುಂಡುತುಂಡಾಗಿ ನೆಲದ ಮೇಲೆ ಬೋರಲು ಹಾಕಿ ಕಟ್ಟಿ, ಪೈಪನ್ನೂ ಅಲ್ಲೇ ಜೋಡಿಸಿ, ಕೊನೆಗೆ ಎತ್ತಿ ಸೇರಿಸಿ ಎನ್ನುತ್ತಾರೆ. "ಎತ್ತಿದ ಮೇಲೆ ಪೈಪಿಗೆ ಪೈಪು ಕೂಡದಿದ್ರೆ ಯಾರಪ್ಪ ಹೊಣೆ?" ಎಂದು ಎಲ್ಲರ ಮುಂದೆಯೇ ಕೇಳಿದೆ.

ನಿನ್ನೆ ಮೊದಲ ಎರಡು ತುಂಡು ಸೇರಿಸಿದೆವು. ಕೂಡಲಿ ಎಂದು ಎಲ್ಲರೂ ಉಸಿರು ಬಿಗಿಹಿಡಿದಿದ್ದರು. ಕೂಡದಿರಲಿ ಎಂದು ನಾನು. ಕೂಡಿತು. ಚಪ್ಪಾಳೆ ಬಿದ್ದಾಗ ನಾನು ಕೈಗವಸು ಬಿಚ್ಚುತ್ತಾ ನಿಂತೆ.

ಆಗ ಅವರು ದುಭಾಷಿಯನ್ನು ಕರೆದು ಒಂದು ವಿಷಯ ಹೇಳಿಸಿದರು. ನಮ್ಮ ಶಿಪ್‌ಯಾರ್ಡಿನಲ್ಲಿ ಮೊದಲು ಯಾವುದನ್ನು ಬದಲಿಸಬೇಕೆಂದು ಅಲ್ಲಿ ಕೇಳಿದಾಗ ನೀನು, ತಲೆ ಎತ್ತಿ ಬೆಸುಗೆ ಹಾಕುವುದನ್ನು ನಿಲ್ಲಿಸಿ ಎಂದೆಯಂತೆ. ಕಿಡಿ ಬಿದ್ದು ಬಿದ್ದು ನಮ್ಮನೆಯವರ ಕುತ್ತಿಗೆಯಲ್ಲಿ ಚರ್ಮವೇ ಉಳಿದಿಲ್ಲ ಎಂದೆಯಂತೆ. ಬೋರಲು ಹಾಕಿ ಕಟ್ಟಿದರೆ ಬೆಸುಗೆ ಕೈಕೆಳಗೆ, ಕಿಡಿ ನೆಲಕ್ಕೆ. ಇಷ್ಟು ದಿನ ಬೆಸೆದರೂ ನನಗದು ಹೊಳೆದಿರಲಿಲ್ಲ.

ಕೈ ತಾನಾಗಿ ಕುತ್ತಿಗೆಗೆ ಹೋಯಿತು, ನಿಜ. ಆದರೂ ನನ್ನ ಕುತ್ತಿಗೆಯ ಸುದ್ದಿ ಅವರ ಹತ್ತಿರ ಯಾಕೆ ಹೇಳಬೇಕಿತ್ತು?

ಬೇಗ ಬರೆ.

ನಿನ್ನ,
ಮುಂಗೋಪಿ

ಮತ್ತೊಂದು ಮಾತು: ಮರೆತಿದ್ದೆನೆಂದಲ್ಲ, ಬರೆಯಲು ಧೈರ್ಯವಿರಲಿಲ್ಲ. ತರಬೇತಿ ಮುಗಿದ ಮೇಲೂ ಒಂದು ವರ್ಷ ನಿನಗೆ ಅಲ್ಲೇ ದೊಡ್ಡ ಕೆಲಸ ಕೊಡಬೇಕೆಂದಿದ್ದಾರಂತೆ. ಗುರುಗಳು ಮೊದಲು ನನ್ನನ್ನು ಕೇಳಿದರು. "ಅವಳು ಒಪ್ಪೋದಿಲ್ಲ" ಎಂದುಬಿಟ್ಟೆ. ನಾಳೆ ಹೋಗಿ, ಅವಳನ್ನೇ ಕೇಳಿ ಎನ್ನುತ್ತೇನೆ. ಮನಸ್ಸಿದ್ದರೆ ಒಪ್ಪಿಕೋ. ನೀನು ಬರುವವರೆಗೆ ಅವರು ಮಾತ್ರ ಇಲ್ಲೇ, ನನ್ನ ಕಣ್ಣೆದುರಿಗೇ ಇರಲಿ. ನಮಗೆ ಕಲಿಯುವುದು ಇನ್ನೂ ಬೇಕಾದಷ್ಟಿದೆ.