ಟೈಲರ್ ಕೇಳಿದ ಒಂದೇ ಪ್ರಶ್ನೆ

ಮಾರ್ಚ್ ೧೪, ಶನಿವಾರ ಮಧ್ಯಾಹ್ನ

ಪ್ರೀತಿಯ ಗುಂಡ,

ಹೇಗಿದ್ದೀಯೋ? ಮದುವೆಯಾದವಳು ತಮ್ಮನನ್ನೇ ಮರೆತಳು ಅಂತ ಬೈದುಕೊಂಡಿರುತ್ತೀಯ. ಬೈದುಕೋ, ತಪ್ಪು ನನ್ನದೇ. ಮದುವೆಯಾಗಿ ಐದು ವಾರ ಹೇಗೆ ಓಡಿತೋ ಗೊತ್ತಾಗಲಿಲ್ಲ. ನಿನ್ನ ಭಾವನಷ್ಟು ಒಳ್ಳೆಯವರು ಪ್ರಪಂಚದಲ್ಲೇ ಇಲ್ಲ ಕಣೋ. ಸೀದುಹೋದ ಅನ್ನವನ್ನೂ ಎರಡನೇ ಸಲ ಬಡಿಸಿಕೊಳ್ಳುತ್ತಾರೆ. ಆಫೀಸು ಮುಟ್ಟಿದ ಹತ್ತೇ ನಿಮಿಷಕ್ಕೆ ಫೋನ್. ಇಂಗ್ಲಿಷ್ ಶಾಲೆಯಲ್ಲಿ ಓದಿದವಳು ಇಷ್ಟುದ್ದ ಕನ್ನಡ ಬರೆಯುತ್ತಿದ್ದೇನೆ, ನಗಬೇಡ.

ಸುತ್ತಿಬಳಸುವುದು ಸಾಕು. ನೊಂದವರನ್ನೂ ತಪ್ಪು ಮಾಡಿದವರ ಕಡೆಯವರನ್ನೂ ಎದುರುಬದುರು ಕೂರಿಸುವ ಆ ಸಭೆ ಮೊನ್ನೆ ನಡೆಯಿತು. ನೀನು ಬೆಂಕಿ ಇಟ್ಟ ಅಂಗಡಿಯ ಟೈಲರ್ ಬಂದಿದ್ದರು. ಮೊದಲು ನಮ್ಮ ಮನೆಯವರ ಜೊತೆ ಮಾತು, ಟೈಲರ್ ಒಪ್ಪಿದರೆ ಆಮೇಲೆ ಜೈಲಿನಲ್ಲಿ ನಿನ್ನೆದುರು ಕೂರುವುದು ಅಂತ ಏರ್ಪಾಡು. ಗ್ರಂಥಾಲಯದ ಮಹಡಿಯಲ್ಲಿ ಆರು ಕುರ್ಚಿ ದುಂಡಗೆ ಹಾಕಿದ್ದರು. ಸಭೆ ನಡೆಸುವ ಮೇಡಂ ಟೈಲರ್ ಕೊರಳಲ್ಲಿದ್ದ ಅಳತೆ ಟೇಪನ್ನೇ ಕೇಳಿ ಇಸಿದುಕೊಂಡು, "ಇದು ಯಾರ ಕೈಲಿರುತ್ತೋ ಅವರೊಬ್ರೇ ಮಾತಾಡೋದು, ಉಳಿದೋರು ಕೇಳಿಸ್ಕೋಬೇಕು" ಅಂದರು.

ಟೈಲರ್ ಅವರ ಸುಟ್ಟ ಬಲಗೈ ಬೆರಳು ಇನ್ನೂ ಮಡಚುವುದಿಲ್ಲ ಗುಂಡ. ಕತ್ತರಿ ಹಿಡಿಯಲಾರರು. ಆದರೂ ಕೂಗಾಡಲಿಲ್ಲ. "ಅವನ ಯೂನಿಫಾರ್ಮ್ ಹೊಲಿದೋನು ನಾನು. ನಮ್ಮ ಜನ ಇರಲೇಬಾರದು ಅಂತ ಅವನ ತಲೇಲಿ ಮೊದಲು ತುಂಬಿದ್ದು ಯಾರು? ಅದೊಂದು ಹೇಳಿ. ನಾಳೇನೇ ಬಂದು ಅವನೆದುರು ಕೂತ್ಕೋತೀನಿ" ಅಂದರು.

ಟೇಪು ಅಪ್ಪನ ಕೈಗೆ ಬಂತು. ಅಪ್ಪ ಬರೀ ಅತ್ತರು. ಅಮ್ಮ ಕೈಮುಗಿದು ನನಗೆ ದಾಟಿಸಿದಳು. ನಿನ್ನ ಭಾವ ಪಕ್ಕದಲ್ಲೇ ಕೂತಿದ್ದರು.

"ನಮ್ಮನೇಲಿ ಯಾರೂ ಅಂಥ ಮಾತು ಆಡಿದೋರಲ್ಲ. ಅವನೇ ಹಾಗಾಗ್ಬಿಟ್ಟ" ಅಂದೆ.

ಟೈಲರ್ ನನ್ನ ಕಡೆ ತಿರುಗಿದರು. "ಹಾಗಾದ್ರೆ ಹುಟ್ಟುಗುಣ ಅಂತಾಯ್ತು. ಅದಕ್ಕೆ ನನ್ನ ಹತ್ರ ಏನಮ್ಮ ಮದ್ದಿದೆ?" ಅಂದು ಎದ್ದುಹೋದರು. ತಮ್ಮ ಟೇಪನ್ನೂ ವಾಪಸ್ ಕೇಳಲಿಲ್ಲ. ನಿನ್ನೆ ಮೇಡಂ ಫೋನ್ ಮಾಡಿದ್ದರು. ಟೈಲರ್ ಇನ್ನು ಬರುವುದಿಲ್ಲವಂತೆ. ಎಷ್ಟು ಕೇಳಿಕೊಂಡರೂ ಇಲ್ಲವಂತೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಯಾರ ತಂಟೆಗೂ ಹೋಗಬೇಡ. ನನ್ನ ಆಯುಷ್ಯವೂ ನಿನಗೇ ಸೇರಲಿ.

ನಿನ್ನ
ಅಕ್ಕ

ಮತ್ತೆ: ಟೈಲರ್ ಜನರ ಮೇಲೆ ವಿಷ ಕಾರುವ ಆ ಮೊದಲ ವಿಡಿಯೊ ನಿನಗೆ ಕಳಿಸಿದವಳು ನಾನು. "ಇದು ನಿಜಾನಾ ಅಕ್ಕ?" ಅಂತ ನೀನು ಕೇಳಿದ್ದೆ. "ಮತ್ತಿನ್ನೇನೋ ಪೆದ್ದ, ಇವರೆಲ್ಲ ಹೀಗೇನೇ" ಅಂತ ನಾನು ನಗುನಗುತ್ತಾ ಬರೆದಿದ್ದೆ. ನಿನ್ನ ಭಾವನಿಗೆ ಇದು ಗೊತ್ತಿಲ್ಲ. ನಿಶ್ಚಯವಾಗಿದ್ದ ನನ್ನ ಮದುವೆ ಕೆಡಬಾರದೆಂದು, ಪೊಲೀಸರು ಅಷ್ಟು ಹೊಡೆದರೂ ನೀನು ನನ್ನ ಹೆಸರು ಹೇಳಲಿಲ್ಲ. ನನಗೆ ಯಾರೂ ಹೊಡೆಯಲಿಲ್ಲ ಗುಂಡ, ಟೈಲರ್ ಕೇಳಿದರಷ್ಟೇ.