ಅಲ್ಲಾಡದ ಹನ್ನೊಂದು ಮೆಟ್ಟಿಲು

ರೀ,

ನೀವು ಕೆರೆ ಸುತ್ತಿ ಬರುವಷ್ಟರಲ್ಲಿ ನಮ್ಮ ವ್ಯಾನು ರಾಜಾನುಕುಂಟೆ ದಾಟಿರುತ್ತದೆ.

ಹುಳಿ ಫ್ರಿಜ್ಜಿನಲ್ಲಿದೆ. ನಾಲ್ಕು ದಿನ ಅನ್ನ ನೀವೇ ಮಾಡಿಕೊಳ್ಳಿ. ನೀರೆಷ್ಟು ಎಂದು ಫೋನಿನಲ್ಲಿ ಕೇಳುವಂತಿಲ್ಲ, ಬೆಟ್ಟದಲ್ಲಿ ಸಿಗ್ನಲ್ ಇಲ್ಲ.

ಸಂಬಳವಿಲ್ಲದೆ ಕಾಡಿನ ಕಾಲುದಾರಿ ರಿಪೇರಿ ಮಾಡುವವರೂ ಇದ್ದಾರೆಯೇ ಎಂದು ನಕ್ಕಿರಲ್ಲ, ಕೇಳಿ. ಹೋದ ವರ್ಷ "ಆಂಟಿ, ನೀವು ಅಡುಗೆ ನೋಡ್ಕೊಳ್ಳಿ ಸಾಕು" ಎಂದಿದ್ದ ತಂಡದ ಲೀಡರ್ ರಕ್ಷಾ ಮೊನ್ನೆ ಫೋನ್ ಮಾಡಿದ್ದಳು. "ಮಳೆಗೆ ಮೆಟ್ಲೆಲ್ಲಾ ಕೊಚ್ಕೊಂಡ್ ಹೋಯ್ತು ಆಂಟಿ. ಅಡ್ಗೆ ಮುಗ್ಸಿ ಬಂದು ನೀವು ಕೂರ್ಸಿದ ಹನ್ನೊಂದು ಮಾತ್ರ ಅಲ್ಲಾಡಿಲ್ಲ. ಈ ಸಲ ನೀವೇ ಹೇಳ್ಕೊಡ್ಬೇಕು."

ಕೋಗಿಲಿನಲ್ಲಿ ಅಪ್ಪನ ಹೊಲದ ಬದುವಿಗೆ ಕಲ್ಲು ಕೂರಿಸಿ ಕಲಿತದ್ದು. ಹೊಲ ಲೇಔಟಾಯಿತು, ಕೈ ಮರೆತಿಲ್ಲ.

ನಿಮ್ಮ ತಂಗಿ ಬಂದರೆ "ಟೂರ್‌ಗೆ ಓಗವ್ಳೆ" ಎನ್ನಬೇಡಿ. ಕಲಿಸಲು ಹೋಗಿದ್ದಾಳೆ ಎನ್ನಿ, ಪಕ್ಕದ ಮನೆಗೂ ಕೇಳಿಸುವಂತೆ.

ವರಲಕ್ಷ್ಮಿ