ನನ್ನ ಮೈಕಿನಲ್ಲಿ ನಿನ್ನ ಡ್ರಮ್ಮು

ಸಿದ್ದರಾಜು,

ನೀನು ಮಡಿಕೇರಿ ಬಸ್ ಹತ್ತಿ ಹೋಗಿ ಆರು ವರ್ಷ ಆಯ್ತು, ವಿಳಾಸ ಯಾರ ಹತ್ರನೂ ಇಲ್ಲ. ಆದ್ರೂ ಇವತ್ತಿಂದು ನಿಂಗೇ ಹೇಳ್ಬೇಕು ಅನ್ನಿಸ್ತು.

ನಮ್ಮ ಆರ್ಕೆಸ್ಟ್ರಾದ್ದು ಕ್ಯಾಸೆಟ್ ಮಾಡ್ತಿದ್ದೀವಿ. ಕಟ್ಟೆಮಳಲವಾಡಿಯ ಲಿಂಗಯ್ಯನವರ ಹೊಗೆಸೊಪ್ಪು ಬೇಯಿಸೋ ಬ್ಯಾರನ್ ಮನೆ ಈಗ ಖಾಲಿ. ದಪ್ಪ ಗೋಡೆ, ಹೊರಗಿನ ಸದ್ದು ಬರಲ್ಲ ಅಂತ ಡ್ರಮ್ ಸೆಟ್ ಅಲ್ಲೇ ಹಾಕಿದ್ವಿ. ಮೈಕ್ ಸೆಟ್ಟಿನ ನಟರಾಜು ಮೈಸೂರಿಂದ ಎರಡು ಅಗ್ಗದ ಮೈಕ್ ತಂದಿದ್ದ. ಒಂದನ್ನ ದೊಡ್ಡ ಡ್ರಮ್ಮಿನ ಮುಂದಿಟ್ಟ, ಇನ್ನೊಂದನ್ನ ಸೊಪ್ಪು ನೇತಾಕೋ ಅಡ್ಡಗೋಲಿಗೆ ಕಟ್ಟಿದ. ಕೇಳಿದ್ರೆ ಖಾಲಿ ಡಬ್ಬ ಬಡಿದಂಗಿತ್ತು.

ನಾನು ಹಾಡೋ ಹಳೇ ಮೈಕ್ ತಂದು, ಸ್ಟೇಜ್ ಮೇಲೆ ಡ್ರಮ್ ಬಾರಿಸೋ ನಿನ್ನ ಮುಂದೆ ನಿಂತ್ಕೋತಿದ್ದಷ್ಟೇ ದೂರದಲ್ಲಿ ಇಟ್ಟೆ. ಸದ್ದು ತುಂಬ್ಕೊಂಡು ಬಂತು.

"ಇದನ್ನ ಯಾರಕ್ಕ ನಿಂಗೆ ಹೇಳ್ಕೊಟ್ಟೋರು?" ಅಂದ ನಟರಾಜು.

"ಗೊತ್ತಿತ್ತು ಬುಡು" ಅಂದೆ.

ಪಿರಿಯಾಪಟ್ಟಣದ ಕಾರ್ಯಕ್ರಮದಲ್ಲಿ, ನಿನ್ನ ಡ್ರಮ್ಮು ನನ್ನ ಮೈಕಿಗೆ ಬರ್ತದೆ, ಹಿಂದಕ್ಕೆ ಹೋಗು ಅಂತ ನಾನೇ ಎಲ್ಲರೆದುರಿಗೆ ಬೈದಿದ್ದೆ. ನೀನು ಡ್ರಮ್ಮು, ಸ್ಟೂಲು ಎತ್ಕೊಂಡು ಹಿಂದಿನ ಪರದೆವರೆಗೂ ಹೋದೆ. ಅವತ್ತು ರೆಕಾರ್ಡ್ ಮಾಡಿದ ಕ್ಯಾಸೆಟ್ ನನ್ನ ಹತ್ರ ಐತೆ. ನಾನು ಉಸಿರು ತಗೊಳ್ಳೋ ಕಡೆ ಮಾತ್ರ ನೀನು ದೂರದಲ್ಲಿ ಕೇಳಿಸ್ತೀಯ. ಆ ಜಾಗಗಳೆಲ್ಲ ನಂಗೆ ಬಾಯಿಪಾಠ.

ಈಗ ನಮ್ಮಲ್ಲಿ ಬಾರಿಸೋನು ಚೇತನ್. ಅವನು ಗೋಡೆಗೆ ಒರಗಿ ಕೂತಿದ್ದ. "ಸ್ಟೂಲ್ ಇನ್ನೊಂಚೂರು ಮುಂದಕ್ಕೆ ಹಾಕ್ಕೊ, ನನ್ನ ಮೈಕಿನ ಹತ್ರ ಬಾ" ಅಂದೆ. ಅಷ್ಟು ಹೇಳಿ, ಕೆಮ್ಮೋ ನೆಪದಲ್ಲಿ ಸೆರಗು ಮುಖಕ್ಕೆ ಹಿಡ್ಕೊಂಡೆ.

ಹೊಗೆಸೊಪ್ಪಿನ ಧೂಳು ಅಂದ್ಕೊಂಡು ನಟರಾಜು ನೀರು ತಂದುಕೊಟ್ಟ.

ಶಾಂತಲಾ